ಅಂಟು ಬಿಟ್ಟಿದೆಯಾ? ಕಾಂಪೊಸಿಟ್ ಭಾಗವನ್ನು ಒಡೆಯದೆ ಪರೀಕ್ಷಿಸುವ ಬಗೆ

2005ರ ಮಾರ್ಚ್ 6ರಂದು ಏರ್ ಟ್ರಾನ್ಸಾಟ್ ಕಂಪನಿಯ ಏರ್‌ಬಸ್ ಎ310 ವಿಮಾನ ಕ್ಯೂಬಾದ ವರಡೆರೊದಿಂದ ಕೆನಡಾದ ಕ್ವಿಬೆಕ್‌ಗೆ ಹೊರಟಿತ್ತು. ಹಾರುತ್ತಿರುವಾಗಲೇ ಬಾಲದ ರಡ್ಡರ್ (ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಹಲಗೆ) ಬಹುಪಾಲು ಕಳಚಿ ಬಿದ್ದುಹೋಯಿತು. ಪೈಲಟ್‌ಗಳು ವಿಮಾನವನ್ನು ವಾಪಸ್ ವರಡೆರೊಗೆ ತಂದು ಇಳಿಸಿದರು. ಯಾರ ಜೀವವೂ ಹೋಗಲಿಲ್ಲ. ಆ ರಡ್ಡರ್ ಹನಿಕಾಂಬ್ ಕೋರ್ (ಜೇನುಗೂಡಿನಂಥ ನಡುಭಾಗ) ಮೇಲೆ ಕಾಂಪೊಸಿಟ್ (ನಾರು ಮತ್ತು ರಾಳ ಸೇರಿಸಿ ಮಾಡಿದ ವಸ್ತು) ಸ್ಕಿನ್, ಅಂದರೆ ಹೊರ ಹೊದಿಕೆ, ಅಂಟಿಸಿ ಮಾಡಿದ್ದು. ಸ್ಕಿನ್ ಎಲ್ಲೋ ಒಂದು ಕಡೆ ಅಂಟು ಬಿಟ್ಟಿರಬೇಕು, ಇಲ್ಲವೇ ಒಳಗಿನ ಕೋರ್ ಸೀಳಿರಬೇಕು, ಅಲ್ಲಿಂದ ಹಾನಿ ಬೆಳೆದಿರಬೇಕು ಎಂಬುದು ಕೆನಡಾದ ತನಿಖೆಯವರ ಅಂದಾಜು. ಇಂಥ ದೋಷಗಳನ್ನು ಸಕಾಲದಲ್ಲಿ ಹಿಡಿಯಲು ಆಗಿನ ತಪಾಸಣೆಯ ಕ್ರಮ ಸಾಲದೇ ಇರಬಹುದು ಎಂದೂ ಅವರು ಎಚ್ಚರಿಸಿದರು.

ಅಂಟು ಬಿಟ್ಟ ಜಾಗ ತಾನಾಗಿಯೇ ಯಾಕೆ ಬೆಳೆಯುತ್ತದೆ? ಹನಿಕಾಂಬ್‌ನ ಪ್ರತಿ ಗೂಡಿನಲ್ಲೂ ಗಾಳಿ ಇರುತ್ತದೆ. ವಿಮಾನ 10 ಕಿಲೋಮೀಟರ್ ಎತ್ತರಕ್ಕೆ ಹೋದಾಗ ಹೊರಗಿನ ಒತ್ತಡ ನೆಲದ ಮಟ್ಟದ ಕಾಲು ಭಾಗಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಸ್ಕಿನ್ನನ್ನು ಹೊರಕ್ಕೆ ತಳ್ಳುತ್ತದೆ. ಅಂಟು ಗಟ್ಟಿ ಇದ್ದಲ್ಲಿ ಏನೂ ಆಗುವುದಿಲ್ಲ. ಬಿಟ್ಟ ಜಾಗದಲ್ಲಿ ಸ್ಕಿನ್ ಉಬ್ಬುತ್ತದೆ, ಅಂಚಿನಲ್ಲಿರುವ ಅಂಟನ್ನು ಎಳೆಯುತ್ತದೆ. ಇಳಿದಾಗ ಮತ್ತೆ ಕೂತುಕೊಳ್ಳುತ್ತದೆ. ಪ್ರತಿ ಹಾರಾಟದಲ್ಲೂ ಇದೇ ಕಥೆ. ನೆಲದ ಮೇಲೆ ನಿಂತು ನೋಡುವವರಿಗೆ ಮೇಲ್ಮೈ ನುಣ್ಣಗೆ, ಚೆನ್ನಾಗಿಯೇ ಕಾಣುತ್ತದೆ.

ಕಾಂಪೊಸಿಟ್ ಶಾಪ್‌ಗೆ ಈಗಷ್ಟೇ ಕಾಲಿಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ 45 ಕಾಂಪೊಸಿಟ್. ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಸಂಸ್ಥೆಯ ಹಂಸ ವಿಮಾನ, ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್, ಎಲ್ಲದರಲ್ಲೂ ಅಂಟಿನ ಕೆಲಸ ಇದೆ. ಆದರೆ ಹೊಸಬರ ಕೈಗೆ ಸಿಗುವುದು ಉಪಕರಣದ ಮ್ಯಾನುಯಲ್ ಮಾತ್ರ. ಯಾವ ಉಪಕರಣ ಯಾವಾಗ, ಅದು ಹೇಳುವ ಮಾತನ್ನು ಎಷ್ಟು ನಂಬಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ.

ಉದಾಹರಣೆಗೆ ಒಂದು ಪ್ಯಾನೆಲ್ ಇಟ್ಟುಕೊಳ್ಳೋಣ. ಎರಡೂ ಕಡೆ 1 ಮಿಲಿಮೀಟರ್ ದಪ್ಪದ ಕಾರ್ಬನ್ ಫೈಬರ್ ಸ್ಕಿನ್. ನಡುವೆ 20 ಮಿಲಿಮೀಟರ್ ನೋಮೆಕ್ಸ್ (ಬೆಂಕಿ ತಡೆಯುವ ಕಾಗದದಂಥ ಹಾಳೆ) ಹನಿಕಾಂಬ್. ಸ್ಕಿನ್‌ಗೂ ಕೋರ್‌ಗೂ ಮಧ್ಯೆ ಎಪಾಕ್ಸಿ ರಾಳದ ಫಿಲ್ಮ್ ಅಂಟು, ಅಂದರೆ ಹಾಳೆಯ ರೂಪದ ಅಂಟು.

ಮೊದಲು ಏನು ಹುಡುಕುತ್ತಿದ್ದೀರಿ ಅಂತ ತಿಳಿದುಕೊಳ್ಳಿ

"ಬಾಂಡಿಂಗ್ ದೋಷ" ಅಂದರೆ ಒಂದೇ ಒಂದು ದೋಷ ಅಲ್ಲ. ಡಿಸ್‌ಬಾಂಡ್ ಅಂದರೆ ಅಂಟು ಮೇಲ್ಮೈಯನ್ನು ಹಿಡಿದೇ ಇಲ್ಲ, ಅಥವಾ ಹಿಡಿದದ್ದು ಆಮೇಲೆ ಬಿಟ್ಟಿದೆ. ವಾಯ್ಡ್ ಅಂದರೆ ಅಂಟಿನ ಒಳಗೇ ಗಾಳಿಯ ಗುಳ್ಳೆ. ಡಿಲ್ಯಾಮಿನೇಷನ್ ಆಗುವುದು ಸ್ಕಿನ್‌ನ ಪದರಗಳ ನಡುವೆ, ಅದು ಅಂಟಿನ ದೋಷವಲ್ಲ. ಆದರೆ ಪರದೆ ಮೇಲೆ ಡಿಸ್‌ಬಾಂಡ್ ಥರವೇ ಕಾಣುತ್ತದೆ. ಫಿಲ್ಮ್ ಅಂಟಿನ ಹಿಂದಿನ ತೆಳು ಹಾಳೆಯನ್ನು ಕೀಳಲು ಮರೆತು ಹಾಗೇ ಒಳಗೆ ಸೇರಿಸಿಬಿಡುವುದೂ ಉಂಟು. ಇವುಗಳ ಜತೆಗೆ ಜಜ್ಜಿದ ಕೋರ್, ಒಳಗೆ ಸೇರಿದ ನೀರು. ಕೊನೆಯದಾಗಿ, ಎಲ್ಲಕ್ಕಿಂತ ಅಪಾಯದ್ದು ಕಿಸ್ಸಿಂಗ್ ಬಾಂಡ್. ಇಲ್ಲಿ ಎರಡು ಮೇಲ್ಮೈಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಆದರೆ ಹಿಡಿತ ಮಾತ್ರ ಇಲ್ಲ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ.

ಡ್ರಾಯಿಂಗ್ ತೆಗೆದು ನೋಡದೆ ಪ್ರೋಬ್ (ಭಾಗದ ಮೇಲೆ ಇಡುವ ಉಪಕರಣದ ತುದಿ) ಮುಟ್ಟಬೇಡಿ. ಸ್ಕಿನ್ ಎಲ್ಲಿ ದಪ್ಪ ಆಗುತ್ತದೆ, ಕೋರ್ ತುಂಡುಗಳು ಎಲ್ಲಿ ಸೇರುತ್ತವೆ, ಬೋಲ್ಟ್ ಹಾಕಲು ಎಲ್ಲಿ ಪಾಟಿಂಗ್ (ಗೂಡು ತುಂಬುವ ಗಟ್ಟಿ ರಾಳ) ತುಂಬಿದ್ದಾರೆ, ಒಂದೇ ಕಡೆಯಿಂದ ಕೈ ತಲುಪುತ್ತದೋ ಎರಡೂ ಕಡೆಯಿಂದಲೋ, ಇಷ್ಟು ಗೊತ್ತಿರಬೇಕು. ಒಳ್ಳೆಯ ಜಾಗವನ್ನು ದೋಷ ಅಂತ ಬರೆಯುವ ತಪ್ಪುಗಳು ಬಹುಪಾಲು ಡ್ರಾಯಿಂಗ್ ನೋಡದೇ ಆಗುವಂಥವು.

ರೆಫರೆನ್ಸ್ ಪ್ಯಾನೆಲ್: ಇದಕ್ಕೆ ಎಷ್ಟು ಸಮಯ ಕೊಟ್ಟರೂ ಜಾಸ್ತಿಯಾಗುವುದಿಲ್ಲ

ಇಡೀ ಕೆಲಸ ನಿಂತಿರುವುದು ಹೋಲಿಕೆಯ ಮೇಲೆ. ಉಪಕರಣಕ್ಕೆ "ಒಳ್ಳೆಯ ಅಂಟು ಹೀಗಿರುತ್ತದೆ, ಬಿಟ್ಟ ಅಂಟು ಹೀಗಿರುತ್ತದೆ" ಅಂತ ತೋರಿಸಿಕೊಡದಿದ್ದರೆ ಅದು ಕೊಡುವ ಅಂಕಿಗೆ ಅರ್ಥವೇ ಇಲ್ಲ. ಹಾಗಾಗಿ ಪರೀಕ್ಷಿಸಬೇಕಾದ ಭಾಗದ ಹಾಗೆಯೇ ಇರುವ ಒಂದು ಸಣ್ಣ ಪ್ಯಾನೆಲ್ ಮಾಡಿಕೊಳ್ಳಬೇಕು. ಅದೇ ಸ್ಕಿನ್, ಅಷ್ಟೇ ಪದರ, ಅದೇ ಕೋರ್, ಅದೇ ಅಂಟು, ಅದೇ ಕ್ಯೂರ್ (ಅಂಟನ್ನು ಗಟ್ಟಿಗೊಳಿಸುವ ಹಂತ). ಹೊರಗಿನ ಬಣ್ಣ ಕೂಡ ಅದೇ ಇದ್ದರೆ ಒಳ್ಳೆಯದು. ಬಣ್ಣದ ದಪ್ಪವೂ ಉಪಕರಣದ ಓದನ್ನು (ರೀಡಿಂಗ್) ಬದಲಿಸುತ್ತದೆ.

ಅದರಲ್ಲಿ ಬೇಕೆಂದೇ ದೋಷ ಇಡಬೇಕು. ಸುಲಭದ ದಾರಿ ಟೆಫ್ಲಾನ್ ಹಾಳೆಯ ಬಿಲ್ಲೆ ಕತ್ತರಿಸಿ ಅಂಟಿನ ಜಾಗದಲ್ಲಿ ಇಡುವುದು. ಸಾಮಾನ್ಯವಾಗಿ 6, 12, 25 ಮಿಲಿಮೀಟರ್ ಅಗಲದವು. ಎಲ್ಲರೂ ಹೀಗೆಯೇ ಮಾಡುತ್ತಾರೆ, ಆದರೆ ಒಂದು ತೊಂದರೆ ಇದೆ. ಟೆಫ್ಲಾನ್ ಸುತ್ತ ರಾಳ ಒತ್ತಿ ಕೂತು ಗಾಳಿ ಇಲ್ಲದಂತಾದರೆ ಶಬ್ದದ ಅಲೆ ಒಂದಿಷ್ಟು ಆಚೆಗೆ ದಾಟಿಬಿಡುತ್ತದೆ. ನಿಜವಾದ ಡಿಸ್‌ಬಾಂಡ್‌ನಲ್ಲಿ ಗಾಳಿ ಇರುತ್ತದೆ, ಅಲೆ ದಾಟುವುದಿಲ್ಲ. ಸ್ಯಾಂಡ್‌ವಿಚ್ ಪ್ಯಾನೆಲ್‌ಗೆ ನಾನು ಹೇಳುವುದು ಹೀಗೆ: ಆ ಜಾಗದಲ್ಲಿ ಫಿಲ್ಮ್ ಅಂಟನ್ನು ದುಂಡಗೆ ಕತ್ತರಿಸಿ ತೆಗೆಯಿರಿ, ಅದರ ಕೆಳಗಿನ ಕೋರ್‌ನ ತುದಿಯನ್ನೂ ಸ್ವಲ್ಪ ಇಳಿಸಿ, ಸ್ಕಿನ್ ಅದಕ್ಕೆ ತಾಗಲೇಬಾರದು. ಎರಡು ಲ್ಯಾಮಿನೇಟ್ (ಪದರ ಪದರವಾಗಿ ಕೂಡಿಸಿದ ಕಾಂಪೊಸಿಟ್ ಹಲಗೆ) ಅಂಟಿಸಿದ ಜಾಯಿಂಟ್ ಆದರೆ ರಿಲೀಸ್ ಏಜೆಂಟ್ (ಅಂಟು ಹಿಡಿಯದಂತೆ ಹಚ್ಚುವ ಲೇಪ) ಹಚ್ಚಿದ ತೆಳು ಸ್ಟೀಲ್ ಪಟ್ಟಿಯನ್ನು ಅಂಚಿನಿಂದ ತೂರಿಸಿ ಕ್ಯೂರ್ ಮಾಡಿ, ಆಮೇಲೆ ಎಳೆದು ತೆಗೆಯಿರಿ. ಅಲ್ಲಿ ನಿಜವಾದ ಖಾಲಿ ಜಾಗ ಉಳಿಯುತ್ತದೆ.

ದೋಷಗಳನ್ನು ಬರೀ ಮೇಲಿನ ಸ್ಕಿನ್ ಕೆಳಗೆ ಇಟ್ಟು ಸುಮ್ಮನಾಗಬೇಡಿ. ಆಚೆ ಬದಿಯ ಸ್ಕಿನ್‌ನಲ್ಲೂ ಇಡಿ. ಎಷ್ಟೋ ವಿಧಾನಗಳಿಗೆ ಆಚೆ ಬದಿ ಕಾಣುವುದೇ ಇಲ್ಲ ಅನ್ನುವುದು ಆಗ ನಿಮಗೇ ಗೊತ್ತಾಗುತ್ತದೆ. ಕೆಲಸ ಶುರು ಮಾಡುವ ಮುಂಚೆ ಒಮ್ಮೆ, ನಡುವೆ ಆಗಾಗ, ಮುಗಿದ ಮೇಲೆ ಒಮ್ಮೆ ಈ ಪ್ಯಾನೆಲ್ ಮೇಲೆ ಉಪಕರಣ ಪರೀಕ್ಷಿಸಿ. ಕೊನೆಯಲ್ಲಿ ಓದು ಬದಲಾಗಿದ್ದರೆ ಕಳೆದ ಸಲ ಸರಿ ಇದ್ದ ಕ್ಷಣದಿಂದ ಆಮೇಲೆ ನೋಡಿದ್ದನ್ನೆಲ್ಲ ಮತ್ತೆ ನೋಡಬೇಕು. ಬೇಜಾರಾಗುತ್ತದೆ, ಆದರೂ ಮಾಡಲೇಬೇಕು.

ಕಣ್ಣು, ಟಾರ್ಚ್, ಆಮೇಲೆ ಸುತ್ತಿಗೆ

ಮೇಲ್ಮೈಯನ್ನು ಒರೆಸಿ ಸ್ವಚ್ಛ ಮಾಡಿ. ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ, ಮೇಲ್ಮೈಗೆ ಸವರುವ ಹಾಗೆ ಹಿಡಿಯಿರಿ. ಸಣ್ಣ ಉಬ್ಬು, ತಗ್ಗು ನೆರಳಿನಿಂದ ಗೊತ್ತಾಗುತ್ತವೆ. ಜಾಯಿಂಟ್‌ನ ಅಂಚಿನಲ್ಲಿ ಅಂಟು ಸಮವಾಗಿ ಹೊರಗೆ ಹಿಂಡಿ ಬಂದಿದೆಯಾ ನೋಡಿ. ಒಂದು ಜಾಗದಲ್ಲಿ ಬಂದೇ ಇಲ್ಲ ಅಂದರೆ ಒಳಗೂ ಅಂಟು ಕಡಿಮೆ ಇರಬಹುದು.

ಮುಂದಿನದು ತಟ್ಟಿ ನೋಡುವುದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ಬಿರುಕು ಪತ್ತೆ ಮಾಡುತ್ತಾರಲ್ಲ, ತತ್ವ ಅದೇ. ದುಂಡು ತುದಿಯ ಹಗುರವಾದ ಸುತ್ತಿಗೆ ಬೇಕು. ಮೇಲ್ಮೈ ಮೇಲೆ 25 ಮಿಲಿಮೀಟರ್ ಚೌಕಗಳ ಗೆರೆ ಹಾಕಿಕೊಳ್ಳಿ. ಆ ಭಾಗಕ್ಕೆ ಒಪ್ಪಿಗೆ ಇರುವ ಮಾರ್ಕರ್ ಮಾತ್ರ ಬಳಸಿ. ಅಲ್ಯೂಮಿನಿಯಂ ಮೇಲಂತೂ ಸೀಸದ ಪೆನ್ಸಿಲ್ ಬೇಡವೇ ಬೇಡ, ಅದರ ಗ್ರಾಫೈಟ್‌ನಿಂದ ಲೋಹ ತಿನ್ನಲು ಶುರುವಾಗುತ್ತದೆ. ಮಣಿಕಟ್ಟು ಸಡಿಲ ಬಿಟ್ಟು ಒಂದೇ ಸಮನಾಗಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟ ಜಾಗ ಡಬ್ ಅನ್ನುತ್ತದೆ. ಅಲ್ಲಿ ಸ್ಕಿನ್ ಮೆತ್ತಗಾಗಿರುವುದರಿಂದ ಸುತ್ತಿಗೆ ಮೇಲ್ಮೈಗೆ ತಾಗಿಕೊಂಡಿರುವ ಹೊತ್ತು ಜಾಸ್ತಿಯಾಗುತ್ತದೆ. ಡಿಜಿಟಲ್ ಟ್ಯಾಪ್ ಹ್ಯಾಮರ್ ಇದೇ ಹೊತ್ತನ್ನು ಮೈಕ್ರೊಸೆಕೆಂಡ್‌ನಲ್ಲಿ ಅಳೆದು ಅಂಕಿ ತೋರಿಸುತ್ತದೆ. ಕಂಪ್ರೆಸರ್ ಓಡುತ್ತಿರುವ ಶಾಪ್‌ನಲ್ಲಿ ಕಿವಿಯನ್ನು ನಂಬುವುದಕ್ಕಿಂತ ಅದೇ ವಾಸಿ.

ತಟ್ಟುವ ಪರೀಕ್ಷೆಯನ್ನು ಕೀಳಾಗಿ ನೋಡುವವರೂ ಇದ್ದಾರೆ, ಅದೊಂದೇ ಸಾಕು ಅನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ನಮ್ಮ ಪ್ಯಾನೆಲ್‌ನ ಹಾಗೆ ತೆಳು ಸ್ಕಿನ್ ಇದ್ದರೆ ಈಚೆ ಬದಿಯ ದೊಡ್ಡ ಡಿಸ್‌ಬಾಂಡನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಸ್ಕಿನ್ ದಪ್ಪವಾದಂತೆ ಶಬ್ದದ ವ್ಯತ್ಯಾಸ ಮಂಕಾಗುತ್ತದೆ. ಸಣ್ಣ ದೋಷ ತಪ್ಪಿಸಿಕೊಳ್ಳುತ್ತದೆ. ಆಚೆ ಬದಿಯ ಸ್ಕಿನ್ ಬಗ್ಗೆ ಇದು ಏನೂ ಹೇಳುವುದಿಲ್ಲ.

ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರಗಳ ಬ್ಲೇಡ್ ನೋಡಿದ್ದೀರಲ್ಲ. ಅವೂ ಅಂಟಿಸಿದ ಕಾಂಪೊಸಿಟ್ಟೇ, ಎರಡು ಅರ್ಧ ಚಿಪ್ಪುಗಳನ್ನು ಪೇಸ್ಟ್ ಅಂಟಿನಿಂದ ಕೂಡಿಸಿರುತ್ತಾರೆ. ಇಂಥ ಬ್ಲೇಡ್‌ಗಳನ್ನು ಹಗ್ಗದ ಮೇಲೆ ನೇತಾಡುತ್ತಾ ಪರೀಕ್ಷಿಸುವವರಿಗೂ ಮೊದಲ ಸಾಧನ ಈ ಸುತ್ತಿಗೆಯೇ. ಆದರೆ ಅಲ್ಲಿನ ಗ್ಲಾಸ್ ಫೈಬರ್ ತುಂಬ ದಪ್ಪ. ಒಳಗಿನ ವೆಬ್‌ಗೆ (ಚಿಪ್ಪುಗಳ ನಡುವಿನ ಆಧಾರ ಗೋಡೆ) ಅಂಟು ಕೂಡಿದೆಯಾ ಅಂತ ನೋಡಲು ಕಡಿಮೆ ಫ್ರೀಕ್ವೆನ್ಸಿಯ ಅಲ್ಟ್ರಾಸೌಂಡ್‌ಗೇ ಹೋಗಬೇಕು.

ಬಾಂಡ್ ಟೆಸ್ಟರ್

ಅಂಟಿನ ಜಾಯಿಂಟ್‌ಗೆಂದೇ ಮಾಡಿದ ಉಪಕರಣ ಇದು. ನೆದರ್‌ಲೆಂಡ್ಸ್‌ನ ಫೋಕರ್ ವಿಮಾನ ಕಂಪನಿ 1950ರ ದಶಕದಲ್ಲಿ ಇಂಥದ್ದನ್ನು ಬೆಳೆಸಿತು, ಫೋಕರ್ ಬಾಂಡ್ ಟೆಸ್ಟರ್ ಅನ್ನುವ ಹೆಸರು ಈಗಲೂ ಚಾಲ್ತಿಯಲ್ಲಿದೆ. ಇವತ್ತಿನ ಉಪಕರಣಗಳಲ್ಲಿ ಮೂರು ಬಗೆಯ ಪ್ರೋಬ್ ಸಿಗುತ್ತವೆ.

ಪಿಚ್-ಕ್ಯಾಚ್ ಪ್ರೋಬ್‌ಗೆ ಎರಡು ತುದಿ. ಒಂದು ಕಂಪನ ಕಳಿಸುತ್ತದೆ, ಇನ್ನೊಂದು ಹಿಡಿಯುತ್ತದೆ. ಪ್ರೋಬ್‌ಗೂ ಮೇಲ್ಮೈಗೂ ನಡುವೆ ಜೆಲ್ ಬೇಡ. ಹನಿಕಾಂಬ್ ಕೆಲಸಕ್ಕೆ ನನಗೆ ಮೊದಲ ಆಯ್ಕೆ ಇದೇ, ಆಚೆ ಬದಿಯ ಡಿಸ್‌ಬಾಂಡನ್ನೂ ಕೆಲವೊಮ್ಮೆ ಹಿಡಿದುಕೊಡುತ್ತದೆ. ಎಂಐಎ (ಮೆಕ್ಯಾನಿಕಲ್ ಇಂಪೀಡೆನ್ಸ್ ಅನಾಲಿಸಿಸ್) ಅನ್ನುವುದು ಒಂದೇ ತುದಿಯದು, ಆ ಬಿಂದು ಎಷ್ಟು ಬಿಗಿ ಇದೆ ಅಂತ ಅಳೆಯುತ್ತದೆ. ಇಕ್ಕಟ್ಟಾದ ಜಾಗ, ಜಜ್ಜಿದ ಕೋರ್‌ಗೆ ಒಳ್ಳೆಯದು. ರೆಸೊನೆನ್ಸ್ ಪ್ರೋಬ್‌ಗೆ ಜೆಲ್ ಬೇಕು. ಲ್ಯಾಮಿನೇಟ್‌ಗೆ ಲ್ಯಾಮಿನೇಟ್ ಅಂಟಿಸಿದ ಕಡೆ ಅದರ ಚುಕ್ಕೆ ಪರದೆ ಮೇಲೆ ತಿರುಗುವ ಕೋನದಿಂದ ದೋಷ ಎಷ್ಟು ಆಳದಲ್ಲಿದೆ ಅಂತಲೂ ಅಂದಾಜು ಸಿಗುತ್ತದೆ.

ಮೂರಕ್ಕೂ ಕ್ರಮ ಒಂದೇ. ರೆಫರೆನ್ಸ್ ಪ್ಯಾನೆಲ್‌ನ ಒಳ್ಳೆಯ ಜಾಗದಲ್ಲಿ ಸೊನ್ನೆ ಮಾಡಿ. ದೋಷದ ಜಾಗಕ್ಕೆ ಒಯ್ದು ಚುಕ್ಕೆ ಎತ್ತ ಹೋಗುತ್ತದೆ ನೋಡಿ. ಅಲ್ಲಿಗೆ ಅಲಾರಂ ಗಡಿ ಇಡಿ. ಆಮೇಲೆ ನಿಜವಾದ ಭಾಗದ ಮೇಲೆ ನಿಧಾನವಾಗಿ ಸರಿಸಿ.

ಅಲ್ಟ್ರಾಸೌಂಡ್

ಇದಕ್ಕೆ ಅಡಿಪಾಯ ಒಂದು ಸರಳ ಸಂಗತಿ. ಘನ ವಸ್ತುವಿನಲ್ಲಿ ಹೋಗುತ್ತಿರುವ, ಕಿವಿಗೆ ಕೇಳದ ಈ ಶಬ್ದದ ಅಲೆಗೆ ಗಾಳಿ ಎದುರಾದರೆ ಹೆಚ್ಚೂ ಕಡಿಮೆ ಪೂರ್ತಿ ವಾಪಸ್ ಬರುತ್ತದೆ. ಗಾಳಿಯ ಪದರ ಕೂದಲಿಗಿಂತ ತೆಳುವಾಗಿದ್ದರೂ ಸರಿಯೇ.

ಎರಡು ಲ್ಯಾಮಿನೇಟ್ ಅಂಟಿಸಿದ ಜಾಯಿಂಟನ್ನು ಮೊದಲು ನೋಡೋಣ. ಒಂದೊಂದೂ 3 ಮಿಲಿಮೀಟರ್ ದಪ್ಪ. ಕಾರ್ಬನ್ ಲ್ಯಾಮಿನೇಟ್‌ನ ದಪ್ಪದ ದಿಕ್ಕಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 3000 ಮೀಟರ್. ಅಂದರೆ ಅಂಟಿನ ತನಕ ಹೋಗಿ ಬರಲು 2 ಮೈಕ್ರೊಸೆಕೆಂಡ್, ತಳ ಮುಟ್ಟಿ ಬರಲು 4ಕ್ಕಿಂತ ಸ್ವಲ್ಪ ಜಾಸ್ತಿ. ಅಂಟು ಸರಿ ಇದ್ದರೆ 2ರ ಹತ್ತಿರ ಸಣ್ಣ ಪ್ರತಿಧ್ವನಿ, 4ರ ಹತ್ತಿರ ತಳದ ಪ್ರತಿಧ್ವನಿ ಸ್ಪಷ್ಟವಾಗಿ ಕಾಣುತ್ತದೆ. ಅಂಟು ಬಿಟ್ಟಿದ್ದರೆ 2ರದ್ದು ಎದ್ದು ನಿಲ್ಲುತ್ತದೆ, 4ರ ಹತ್ತಿರದ ತಳದ ಪ್ರತಿಧ್ವನಿ ಮಾಯ. ಆದರೆ ಗಮನಿಸಿ, 2ರಲ್ಲಿ ಹೋಗಿ ಬಂದ ಅಲೆ ಮತ್ತೊಮ್ಮೆ ಪುಟಿದು 4ರಲ್ಲೂ ಬರುತ್ತದೆ. ಎರಡೂ ಲ್ಯಾಮಿನೇಟ್ ಒಂದೇ ದಪ್ಪ ಇದ್ದಾಗ ಅದನ್ನು ತಳದ ಪ್ರತಿಧ್ವನಿ ಅಂದುಕೊಂಡು ಮೋಸ ಹೋಗಬಹುದು. 2, 4, 6 ಅಂತ ಸಮ ಅಂತರದಲ್ಲಿ ಒಂದರ ಹಿಂದೆ ಒಂದು ಬಂದರೆ ಅಂಟು ಬಿಟ್ಟಿದೆ ಅಂತಲೇ ಅನುಮಾನಿಸಿ.

ಲ್ಯಾಮಿನೇಟ್‌ಗೆ 2.25 ಅಥವಾ 5 ಮೆಗಾಹರ್ಟ್ಸ್ ಪ್ರೋಬ್ ಸಾಮಾನ್ಯ. 5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 0.6 ಮಿಲಿಮೀಟರ್, ಸಣ್ಣ ದೋಷ ಚೆನ್ನಾಗಿ ಕಾಣುತ್ತದೆ. ತೆಳು ಸ್ಕಿನ್‌ಗೆ ಡಿಲೇ ಲೈನ್ (ಅಲೆ ತುಸು ತಡವಾಗಿ ಒಳಹೋಗುವಂತೆ ಮಾಡುವ ತುಂಡು) ಇರುವ ಪ್ರೋಬ್ ಬಳಸಿ, ಇಲ್ಲದಿದ್ದರೆ ಮೊದಲ ಪಲ್ಸ್‌ನಲ್ಲೇ ಎಲ್ಲವೂ ಮುಚ್ಚಿಹೋಗುತ್ತದೆ.

ನಮ್ಮ ಹನಿಕಾಂಬ್ ಪ್ಯಾನೆಲ್‌ಗೆ ಇಷ್ಟು ಹೆಚ್ಚಿನ ಫ್ರೀಕ್ವೆನ್ಸಿ ಕೆಲಸಕ್ಕೆ ಬರುವುದಿಲ್ಲ. ಅಲೆ ಗೂಡಿನ ತೆಳು ಗೋಡೆಗಳ ಮೂಲಕವೇ ದಾಟಬೇಕು. 1 ಮೆಗಾಹರ್ಟ್ಸ್ ಅಥವಾ ಇನ್ನೂ ಕಡಿಮೆ ಬೇಕು. ಒಂದು ಬದಿಯಿಂದ ಕಳಿಸಿ ಇನ್ನೊಂದು ಬದಿಯಲ್ಲಿ ಹಿಡಿಯುವ ಥ್ರೂ ಟ್ರಾನ್ಸ್‌ಮಿಷನ್ ಇಲ್ಲಿ ಒಳ್ಳೆಯದು. ಎರಡೂ ಕಡೆ ನೀರಿನ ಧಾರೆಯೊಳಗೆ ಅಲೆ ಸಾಗುತ್ತದೆ, ಯಂತ್ರ ಇಡೀ ಪ್ಯಾನೆಲ್ ಗುಡಿಸಿ ಸಿ-ಸ್ಕ್ಯಾನ್, ಅಂದರೆ ಮೇಲಿನಿಂದ ನೋಡಿದಂಥ ನಕ್ಷೆ ಕೊಡುತ್ತದೆ. ಈಚೆಯದಾಗಲಿ ಆಚೆಯದಾಗಲಿ, ಯಾವ ಸ್ಕಿನ್ ಬಿಟ್ಟಿದ್ದರೂ ಸಿಗ್ನಲ್ ಬೀಳುತ್ತದೆ. ಯಾವ ಬದಿಯದು ಅಂತ ಮಾತ್ರ ಹೇಳುವುದಿಲ್ಲ, ಅದಕ್ಕೆ ಮತ್ತೆ ತಟ್ಟಿ ನೋಡಿ ಅಥವಾ ಬಾಂಡ್ ಟೆಸ್ಟರ್ ಹಿಡಿಯಿರಿ.

ದೋಷದ ಅಂಚು ಗುರುತಿಸಲು 6 ಡೆಸಿಬೆಲ್ ನಿಯಮ ಇದೆ. ಒಳ್ಳೆಯ ಜಾಗದ ಸಿಗ್ನಲ್ ಅರ್ಧಕ್ಕೆ ಇಳಿದ ಬಿಂದುವೇ ಅಂಚು. ದೋಷ ಅಲೆಯ ಕಿರಣಕ್ಕಿಂತ ದೊಡ್ಡದಿದ್ದರೆ ಮಾತ್ರ ಇದು ಸರಿಹೋಗುತ್ತದೆ.

ಇನ್ನು ಹೆಚ್ಚಿನವರು ಮರೆಯುವ ಎರಡು ವಿಷಯ. ಒಂದು, ಬಿಟ್ಟ ಜಾಗದೊಳಗೆ ನೀರೋ ಎಣ್ಣೆಯೋ ತುಂಬಿದ್ದರೆ ಅಲೆ ಅದರ ಮೂಲಕ ದಾಟುತ್ತದೆ. ಪರದೆ "ಸರಿ ಇದೆ" ಅನ್ನುತ್ತದೆ, ಒಳಗೆ ಅಂಟೇ ಇರುವುದಿಲ್ಲ. ಸೇವೆಯಲ್ಲಿದ್ದು ಬಂದ ಭಾಗವನ್ನು ಮೊದಲು ಒಣಗಿಸಬೇಕು. ಎರಡು, ಜೆಲ್ ಆರಿಸುವಾಗ ಸಿಲಿಕೋನ್ ಇರುವುದನ್ನು ಶಾಪ್ ಒಳಕ್ಕೇ ಬಿಡಬೇಡಿ. ಇವತ್ತಿನ ಪರೀಕ್ಷೆಗೆ ಹಚ್ಚಿದ ಸಿಲಿಕೋನ್ ನಾಳೆಯ ರಿಪೇರಿಯ ಅಂಟನ್ನು ಹಿಡಿಯಗೊಡುವುದಿಲ್ಲ. ಕೋರ್ ಅಂಚು ತೆರೆದಿದ್ದರೆ ಟೇಪ್ ಹಾಕಿ ಮುಚ್ಚದೆ ನೀರು ಬಳಸಬೇಡಿ.

ಬಿಸಿ, ಲೇಸರ್, ಎಕ್ಸ್‌ರೇ

ದೊಡ್ಡ ಮೇಲ್ಮೈಯನ್ನು ಬೇಗ ನೋಡಬೇಕಾದರೆ ಥರ್ಮೊಗ್ರಫಿ. ಫ್ಲ್ಯಾಶ್ ದೀಪದಿಂದ ಮೇಲ್ಮೈಯನ್ನು ಕ್ಷಣಕಾಲ ಬಿಸಿ ಮಾಡಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದರೆ, ಬಿಟ್ಟ ಜಾಗದಲ್ಲಿ ಶಾಖ ಕೆಳಗೆ ಇಳಿಯಲಾಗದೆ ಬಿಸಿ ಚುಕ್ಕೆಯಾಗಿ ಉಳಿಯುತ್ತದೆ. ಆಳ ಎರಡು ಪಟ್ಟಾದರೆ ಕಾಣಿಸಿಕೊಳ್ಳಲು ನಾಲ್ಕು ಪಟ್ಟು ಸಮಯ ಬೇಕು. ದೋಷದ ಅಗಲ ಅದು ಇರುವ ಆಳಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ಒರಟು ಲೆಕ್ಕ. ಹನಿಕಾಂಬ್ ಒಳಗಿನ ನೀರನ್ನು ಪತ್ತೆ ಮಾಡಲೂ ಇದು ಬಹಳ ಚೆನ್ನಾಗಿದೆ, ನೀರು ಸುತ್ತಲಿನದಕ್ಕಿಂತ ತಡವಾಗಿ ಬಿಸಿಯಾಗಿ ತಡವಾಗಿ ಆರುತ್ತದೆ. ಹೊಳೆಯುವ ಲೋಹದ ಸ್ಕಿನ್ ಆದರೆ ತೊಳೆದರೆ ಹೋಗುವ ಕಪ್ಪು ಬಣ್ಣ ಬಳಿಯಬೇಕು.

ಶಿಯರೊಗ್ರಫಿಯಲ್ಲಿ ಲೇಸರ್ ಬೆಳಕಿನಡಿ ಪ್ಯಾನೆಲ್ ಮೇಲೆ ಸ್ವಲ್ಪ ನಿರ್ವಾತ ಎಳೆಯುತ್ತಾರೆ. ಬಿಟ್ಟ ಸ್ಕಿನ್ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಪರದೆ ಮೇಲೆ ಚಿಟ್ಟೆ ಆಕಾರದ ಗೆರೆಗಳು ಮೂಡುತ್ತವೆ. ಆಕಾಶದಲ್ಲಿ ಸ್ಕಿನ್ ಉಬ್ಬುವುದನ್ನೇ ನೆಲದ ಮೇಲೆ ಮಾಡಿಸಿ ನೋಡಿದಂತೆ. ಎಕ್ಸ್‌ರೇ ಡಿಸ್‌ಬಾಂಡ್‌ಗೆ ಸರಿಯಾದ ಸಾಧನವಲ್ಲ. ಜಜ್ಜಿದ ಕೋರ್, ನೀರು, ಸರಿದ ಕೋರ್ ನೋಡಲು ಇಟ್ಟುಕೊಳ್ಳಿ.

ಯಾವ ಉಪಕರಣಕ್ಕೂ ಸಿಗದ ದೋಷ

ಈಗ ಕಿಸ್ಸಿಂಗ್ ಬಾಂಡ್ ವಿಷಯ. ಮೇಲೆ ಹೇಳಿದ ವಿಧಾನಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: ಮಧ್ಯೆ ಖಾಲಿ ಜಾಗ ಇದೆಯಾ? ಅಂಟು ಎಷ್ಟು ಗಟ್ಟಿ ಅಂತ ಅವು ಅಳೆಯುವುದಿಲ್ಲ. ಮೇಲ್ಮೈಗೆ ರಿಲೀಸ್ ಏಜೆಂಟ್‌ನ ಕಣ್ಣಿಗೆ ಕಾಣದ ಪದರ ಅಂಟಿದ್ದರೆ, ಬೆವರಿನ ಕೈ ತಾಗಿದ್ದರೆ, ಲ್ಯಾಮಿನೇಟ್ ತೇವ ಹೀರಿಕೊಂಡಿದ್ದರೆ ಅಂಟು ಪೂರ್ತಿ ತಾಗಿ ಕೂತಿರುತ್ತದೆ. ಅಲೆ ಸಲೀಸಾಗಿ ದಾಟುತ್ತದೆ. ಸಿ-ಸ್ಕ್ಯಾನ್ ಶುಭ್ರ. ಬಲ ಬಿದ್ದ ದಿನ ಹಾಗೇ ಬಿಟ್ಟುಕೊಳ್ಳುತ್ತದೆ.

ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2009ರಲ್ಲಿ ಹೊರಡಿಸಿದ ಎಸಿ 20-107ಬಿ ಮಾರ್ಗಸೂಚಿ ಮುಖ್ಯವಾದ ಅಂಟಿನ ಜಾಯಿಂಟ್‌ಗಳಿಗೆ ಮೂರು ದಾರಿ ಇಡುತ್ತದೆ. ಅಂಟು ಒಂದು ಮಿತಿಯವರೆಗೆ ಬಿಟ್ಟರೂ ಭಾಗ ತಡೆಯುವಂತೆ, ಆ ಮಿತಿ ದಾಟಿ ಹರಡದಂತೆ ವಿನ್ಯಾಸ ಮಾಡುವುದು. ಪ್ರತಿಯೊಂದು ಭಾಗಕ್ಕೂ ಬಲ ಹಾಕಿ ಪರೀಕ್ಷಿಸುವುದು. ಇಲ್ಲವೇ ಪ್ರತಿ ಜಾಯಿಂಟ್‌ನ ಗಟ್ಟಿತನವನ್ನು ಖಚಿತಪಡಿಸುವ, ಪ್ರತಿ ಸಲವೂ ನಂಬಬಹುದಾದ ಒಡೆಯದ ಪರೀಕ್ಷೆ. ಈ ಮೂರನೆಯದು ಇವತ್ತಿಗೂ ದಿನನಿತ್ಯದ ಶಾಪ್‌ನಲ್ಲಿ ಇಲ್ಲ. ಬಲವಾದ ಲೇಸರ್ ಪಲ್ಸ್‌ನಿಂದ ಒಳಗೆ ಸೆಳೆತದ ಅಲೆ ಹುಟ್ಟಿಸಿ ದುರ್ಬಲ ಅಂಟನ್ನು ಮಾತ್ರ ತೆರೆಯಿಸುವ ವಿಧಾನ ಬಂದಿದೆ, ಆದರೆ ಅದು ಎಲ್ಲರ ಕೈಗೆಟುಕುವಂಥದ್ದಲ್ಲ.

ಹಾಗಾಗಿ ತಪಾಸಣೆ ಅಂಟಿಸುವ ಮುಂಚೆಯೇ ಶುರುವಾಗಬೇಕು. ಉಜ್ಜಿ ಸ್ವಚ್ಛ ಮಾಡಿದ ಮೇಲ್ಮೈಗೆ ಶುದ್ಧ ನೀರು ಹಾಕಿ ನೋಡಿ. ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಕೊಳೆ ಇದೆ, ಮತ್ತೆ ಉಜ್ಜಿ. ಪರೀಕ್ಷೆ ಆದ ಮೇಲೆ ಪೂರ್ತಿ ಒಣಗಿಸಿ. ಗ್ಲೌಸ್ ತೆಗೆಯಬೇಡಿ. ಮೇಲ್ಮೈ ಸಿದ್ಧ ಮಾಡಿದ ಮೇಲೆ ಎಷ್ಟು ಗಂಟೆಯೊಳಗೆ ಅಂಟಿಸಬೇಕು ಅಂತ ಪ್ರೊಸೀಜರ್‌ನಲ್ಲಿ ಇರುತ್ತದೆ, ಅದನ್ನು ಮೀರಬೇಡಿ.

ಪ್ರತಿ ಕ್ಯೂರ್ ಜತೆಗೆ ಅದೇ ಮೇಲ್ಮೈ, ಅದೇ ಅಂಟಿನ ಸಣ್ಣ ಸಾಕ್ಷಿ ತುಂಡುಗಳನ್ನೂ ಇಡಿ. ಆಮೇಲೆ ಎಳೆದು ಮುರಿಯಿರಿ. ಮುರಿದ ಬಲದ ಅಂಕಿಯನ್ನಷ್ಟೇ ಬರೆದು ಬಿಸಾಡಬೇಡಿ, ಮುರಿದ ಮುಖವನ್ನು ನೋಡಿ. ಎರಡೂ ಬದಿಯಲ್ಲಿ ಅಂಟು ಉಳಿದಿದ್ದರೆ ಅಂಟೇ ಹರಿದಿದೆ, ಹಿಡಿತ ಚೆನ್ನಾಗಿತ್ತು. ಒಂದು ಬದಿ ನುಣ್ಣಗೆ, ಅಂಟಿನ ಗುರುತೇ ಇಲ್ಲದೆ ಬಂದಿದ್ದರೆ ಹಿಡಿತವೇ ಇರಲಿಲ್ಲ. ಬಲದ ಅಂಕಿ ಪಾಸ್ ಆಗಿದ್ದರೂ ಆ ಬ್ಯಾಚನ್ನು ತಡೆಹಿಡಿದು ಇಂಜಿನಿಯರ್‌ಗೆ ತೋರಿಸಿ.

ಬರೆದಿಡುವುದು

ದೋಷ ಸಿಕ್ಕಾಗ ಎರಡು ಬೇರೆ ಬೇರೆ ವಿಧಾನದಲ್ಲಿ ಖಚಿತ ಮಾಡಿಕೊಳ್ಳಿ. ಭಾಗದ ಎರಡು ಸ್ಥಿರ ಅಂಚುಗಳಿಂದ ದೂರ, ಉದ್ದ, ಅಗಲ, ಸಾಧ್ಯವಾದರೆ ಆಳ ಬರೆಯಿರಿ. ಉಪಕರಣ, ಪ್ರೋಬ್, ಫ್ರೀಕ್ವೆನ್ಸಿ, ಗೇನ್ (ಸಿಗ್ನಲ್ ಹಿಗ್ಗಿಸಿದ ಪ್ರಮಾಣ), ಯಾವ ರೆಫರೆನ್ಸ್ ಪ್ಯಾನೆಲ್ ಅನ್ನುವುದೂ ಇರಲಿ. ಇದನ್ನು ಬಿಡಬಹುದಾ, ರಿಪೇರಿ ಮಾಡಬೇಕಾ ಅನ್ನುವ ತೀರ್ಮಾನ ಡ್ರಾಯಿಂಗ್ ಅಥವಾ ರಿಪೇರಿ ಮ್ಯಾನುಯಲ್‌ನ ಮಿತಿಗೆ ಬಿಟ್ಟದ್ದು. "ಇಷ್ಟೇ ತಾನೆ" ಅಂತ ಯಾರಾದರೂ ಒತ್ತಾಯಿಸಿದರೆ ಆ ಪುಟ ತೋರಿಸಿ.

ರಿಪೇರಿ ಆದ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಪರೀಕ್ಷಿಸಿ. ಪ್ಯಾಚ್‌ನ ದಪ್ಪ ಬೇರೆ ಇದ್ದರೆ ಅದಕ್ಕೆ ಹೊಂದುವ ಇನ್ನೊಂದು ರೆಫರೆನ್ಸ್ ತುಂಡು ಬೇಕು. ಆ ನಕ್ಷೆಯನ್ನು ಭಾಗದ ದಾಖಲೆಯಲ್ಲಿ ಸೇರಿಸಿಡಿ. ಮುಂದಿನ ತಪಾಸಣೆಗೆ ಬರುವವರು ಹೊಸ ನಕ್ಷೆಯನ್ನು ಅದರ ಪಕ್ಕ ಇಟ್ಟು ನೋಡಿದರೆ, ದೋಷ ಬೆಳೆದಿದೆಯಾ ಇಲ್ಲವಾ ಅಂತ ಆಗಲೇ ಗೊತ್ತಾಗುತ್ತದೆ.